ಅಲಮಾರಿ ನೆಕ್ಕುತ್ತಿದ್ದ ಪಾರಖಿ

ಅವನು ಸತ್ತ ಸುದ್ದಿ ತಂದವನು ಸಿಂಧನೂರಿನ ಒಬ್ಬ ಬೀಗದ ವ್ಯಾಪಾರಿ. ಮಸ್ಕಿಯಲ್ಲಿ ನನ್ನ ಬಡಗಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ‘ಪಾರಖಿ ಕಾಕಾ ಹೋದನಲ್ಲಪ್ಪಾ. ಅಂಥಾ ಕಣ್ಣಿನ ಮನುಷ್ಯಾ ಈ ಸೀಮ್ಯಾಗ ಇನ್ನ ಹುಟ್ಟಂಗಿಲ್ಲ’ ಅಂದ. ನಾನು ಹಲಗೆ ನಯಮಾಡಲು ರಂದಾ ಉಜ್ಜುವುದನ್ನು ನಿಲ್ಲಿಸಲಿಲ್ಲ. ‘ಹುಟ್ಟೂದೂ ಬ್ಯಾಡ’ ಅಂದೆ. ವ್ಯಾಪಾರಿ ನನ್ನ ಮುಖವನ್ನೇ ನೋಡಿದ. ಬಿಸಿಲಿಗೆ ನನ್ನ ತಲೆ ಕೆಟ್ಟಿರಬೇಕು ಅಂದುಕೊಂಡನೋ ಏನೋ, ಮಾತು ಬೆಳೆಸದೆ ಹೋದ.

ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವ ರೂಢಿ ನನಗೆ ಗೊತ್ತಿಲ್ಲದ್ದೇನಲ್ಲ. ಬದುಕಿದ್ದಾಗ ಮುಖ ನೋಡಲು ಬೇಸರವಾಗುತ್ತಿದ್ದವರ ದಿವಸಕ್ಕೂ ಹೋಗಿ, ‘ದೊಡ್ಡ ಜೀವ’ ಅಂತ ಹೇಳಿ ಹೋಳಿಗೆ ಉಂಡು ಬಂದಿದ್ದೇನೆ. ಆದರೆ ಈತನ ವಿಷಯಕ್ಕೆ ನನ್ನ ಬಾಯಿ ಏಳುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಅವನ ಮಕ್ಕಳು ಮರ್ಯಾದೆಯಿಂದ ಬದುಕಿದ್ದಾರೆ, ಅವರ ತಪ್ಪು ಏನೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹೆಸರು ಬರೆದರೆ ನಾನು ಎದ್ದುಹೋಗಿ ಬಾಯಿ ಮುಕ್ಕಳಿಸಬೇಕಾಗುತ್ತದೆ. ಜನ ಕರೆಯುತ್ತಿದ್ದಂತೆ ಪಾರಖಿ ಅಂದರೆ ಸಾಕು. ಚಿನ್ನದ ಪಾರಖಿ, ನಾಣ್ಯದ ಪಾರಖಿ ಬೇರೆ ಇದ್ದರು. ಇವನದು ಕಟ್ಟಿಗೆ ಸಾಮಾನು, ಅದರಲ್ಲೂ ಅಲಮಾರಿ. ಇದು ಎಷ್ಟು ವರ್ಷದ್ದು, ಇದರ ಕಿಮ್ಮತ್ತು ಎಷ್ಟು ಅಂತ ಹೇಳುವುದೇ ಅವನ ಕಸುಬು.

ಇಂಥದ್ದೂ ಒಂದು ಕಸುಬೇ ಅಂತ ಈಗಿನವರು ಕೇಳಬಹುದು. ಅದು ನಿಜಾಮ ಸರ್ಕಾರದ ಕಾಲ. ಅದಕ್ಕೂ ಎಷ್ಟೋ ವರ್ಷ ಹಿಂದೆ ಲಿಂಗಸೂಗೂರಿನಲ್ಲಿ ಇಂಗ್ರೇಜಿ ಸಾಹೇಬರ ದಂಡು ಇತ್ತು. ಆ ಭಾಗವನ್ನು ಜನ ಇಂದಿಗೂ ಛಾವಣಿ ಅಂತಲೇ ಕರೆಯುತ್ತಾರೆ. ದಂಡು ಎದ್ದು ಹೋಗುವಾಗ ಸಾಹೇಬರು ತಮ್ಮ ಮೇಜು, ಕುರ್ಚಿ, ಅಲಮಾರಿಗಳನ್ನು ಸಿಕ್ಕಿದವರಿಗೆ ಮಾರಿ ಹೋದರು. ಸುತ್ತಿನ ಗೌಡರು, ಸಾಹುಕಾರರು ಗಾಡಿಯಲ್ಲಿ ಹೇರಿಕೊಂಡು ಬಂದರು. ಆಮೇಲೆ ಮನೆಯಲ್ಲಿ ಛಾವಣಿ ಅಲಮಾರಿ ಇದ್ದರೆ ಅದೊಂದು ದೌಲತ್ತು ಅನ್ನುವಂತಾಯಿತು. ಇದ್ದವರು ತಮ್ಮದು ಖರೇನೇ ಛಾವಣಿಯದು ಅಂತ ತೋರಿಸಬೇಕು, ಇಲ್ಲದವರು ಎಲ್ಲಿಂದಾದರೂ ತರಬೇಕು, ಅಣ್ಣತಮ್ಮಂದಿರು ಬೇರೆಯಾಗುವಾಗ ಯಾರ ಪಾಲಿಗೆ ಬರಬೇಕು ಅಂತ ಜಗಳವಾಡಬೇಕು. ಇದೆಲ್ಲದಕ್ಕೂ ಪಾರಖಿ ಬೇಕು. ಸಿಂಧನೂರು, ಮಸ್ಕಿ, ಲಿಂಗಸೂಗೂರು ಈ ಮೂರು ಊರಿನ ನಡುವೆ ಅವನು ಮದುವೆ ಮನೆಯ ಅಡುಗೆಯವನ ಹಾಗೆ ಬಿಡುವಿಲ್ಲದೆ ತಿರುಗುತ್ತಿದ್ದ.

ನೋಡಲು ಲಕ್ಷಣವಾಗಿದ್ದ ಅನ್ನುವುದನ್ನು ಒಪ್ಪಬೇಕು. ಎತ್ತರದ ಆಳು, ಇಸ್ತ್ರಿ ಮಾಡಿದ ಶೇರವಾನಿ, ತಲೆಗೆ ಕರಿಯ ಟೋಪಿ. ಜಾತಿಯಿಂದ ನಮ್ಮವನೇ, ಬಡಿಗೇರ ಮನೆತನ. ಆದರೆ ಹೈದರಾಬಾದಿನ ಯಾವುದೋ ಹರಾಜು ಅಂಗಡಿಯಲ್ಲಿ ಹತ್ತು ವರ್ಷ ಇದ್ದು ಬಂದ ಮೇಲೆ ಉಳಿ ಬಾಚಿ ಮುಟ್ಟಿದವನಲ್ಲ. ಎಡಗೈಯ ಕಿರುಬೆರಳಿನ ಉಗುರನ್ನು ಅರ್ಧ ಬೆರಳಿನಷ್ಟು ಉದ್ದ ಬಿಟ್ಟಿದ್ದ. ಅದರಿಂದ ಕಟ್ಟಿಗೆಯ ಸಂದಿ ಕೆರೆಯುತ್ತಿದ್ದ, ಕಿವಿ ತೋಡುತ್ತಿದ್ದ, ಹಲ್ಲಿನ ಸಂದಿಯ ಅಡಿಕೆ ಚೂರು ತೆಗೆಯುತ್ತಿದ್ದ. ಈ ಮೂರು ಕೆಲಸ ಒಂದರ ಹಿಂದೆ ಒಂದು ನಡೆಯುವುದನ್ನು ನಾನೇ ನೋಡಿದ್ದೇನೆ.

ಇದಕ್ಕೇ ಹೇಸಿಕೊಂಡರೆ ಮುಂದಿನದನ್ನು ಹೇಗೆ ಹೇಳಲಿ? ಯಾರ ಮನೆಗೆ ಕರೆದರೂ ಅವನದೊಂದು ನೇಮ ಇತ್ತು. ಅಲಮಾರಿಯ ಮುಂದೆ ಎಲ್ಲರನ್ನೂ ನಿಲ್ಲಿಸುತ್ತಿದ್ದ. ಮನೆಯ ಹೆಂಗಸರು ಸೀರೆ ಕುಪ್ಪಸ ತೆಗೆಯಲು ಹೋದರೆ, ‘ತಗೀಬ್ಯಾಡ್ರಿ, ವಾಸನಿ ಹಾರಿ ಹೋಗತೈತಿ’ ಅಂತ ತಡೆಯುತ್ತಿದ್ದ. ಆಮೇಲೆ ಕದ ತೆರೆದು, ಆ ಸೀರೆಗಳ ನಡುವೆ ತಲೆ ತೂರಿಸಿ, ಕುತ್ತಿಗೆಯವರೆಗೂ ಒಳಗೆ ಹೋಗಿ ಮೂಸುತ್ತಿದ್ದ. ಒಳಗಿನಿಂದ ಅವನು ಉಸಿರೆಳೆಯುವ ಸದ್ದು ಹೊರಗೆ ಕೇಳಿಸುತ್ತಿತ್ತು. ಹೆಂಗಸರು ನಾಚಿಕೆಯಿಂದ ನೆಲ ನೋಡುತ್ತಿದ್ದರು. ಸಾಕಷ್ಟು ಮೂಸಿದ ಮೇಲೆ ನಾಲಿಗೆ ಚಾಚಿ ಒಳಗಿನ ಹಲಗೆಯನ್ನು ನೆಕ್ಕುತ್ತಿದ್ದ. ತಂಬಾಕಿನ ನಾಲಿಗೆ, ಕಂದು ಬಣ್ಣದ್ದು. ನೆಕ್ಕಿದ ಜಾಗ ಒಂದು ಗಳಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಅವನು ಕಣ್ಣು ಮುಚ್ಚಿ, ತುಟಿ ಚಪ್ಪರಿಸಿ, ‘ಎಂಬತ್ತು’ ಅಂತಲೋ ‘ಅರವತ್ತರ ಮ್ಯಾಲ ನಾಕು’ ಅಂತಲೋ ಹೇಳುತ್ತಿದ್ದ. ಗಂಡಸರು ಬೆರಗಾಗಿ ತಲೆದೂಗುತ್ತಿದ್ದರು. ಅವನು ಹೋದ ಮೇಲೆ ಹೆಂಗಸರು ಬೂದಿ ಹಾಕಿ ಹಲಗೆ ತಿಕ್ಕುತ್ತಿದ್ದರು.

ಒಮ್ಮೆ ನನ್ನ ಅಂಗಡಿಯಲ್ಲಿ ಕೂತಾಗ ಕೇಳಿದೆ, ‘ಕಾಕಾ, ಖರೇನ ನಾಲಿಗಿಗೆ ವಯಸ್ಸು ತಿಳೀತೈತೇನು?’

‘ಏನೂ ತಿಳಿಯಂಗಿಲ್ಲೋ ತಮ್ಮಾ’ ಅಂದ. ‘ಕಟ್ಟಿಗಿ ಕಟ್ಟಿಗೀನ. ಆದರ ನೆಕ್ಕಲಿಲ್ಲಂದ್ರ ಮಂದಿ ನಂಬಂಗಿಲ್ಲ. ಕಣ್ಣೀಲೆ ನೋಡಿ ಹೇಳಿದ್ರ, ನಮಗೂ ಕಣ್ಣು ಅದಾವು ಅಂತಾರ.’

ಹಾಗೆ ಹೇಳಿ ನಕ್ಕ. ನಾನೂ ನಕ್ಕೆ. ಆಗ ಅವನ ಬಗ್ಗೆ ನನಗೆ ಹೇಸಿಗೆಯ ಜೊತೆಗೆ ಒಂದು ಬೆರಗೂ ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಾಕೆಂದರೆ ಆ ಮನುಷ್ಯನಿಗೆ ವಿದ್ಯೆ ಇತ್ತು. ಪೂರ್ತಿ ಇತ್ತು. ಏನೂ ತಿಳಿಯದೆ ಬಾಯಿಗೆ ಬಂದದ್ದು ಹೇಳುವ ಬುರುಡೆಯಾಗಿದ್ದರೆ ನಾನು ಇಷ್ಟು ವರ್ಷ ಅವನನ್ನು ಮನಸ್ಸಿನಲ್ಲಿ ಹೊತ್ತು ತಿರುಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು, ರಿಪೇರಿಗೆ ಬಂದ ಒಂದು ಹಳೆಯ ಅಲಮಾರಿಯನ್ನು ಮುಂದಿಟ್ಟುಕೊಂಡು ನನಗೆ ಪಾಠ ಹೇಳಿದ. ನಾಲಿಗೆಯ ಸುದ್ದಿಯೇ ಇಲ್ಲ. ಮುಂಭಾಗ ನೋಡಬೇಡ, ಅಲ್ಲಿ ಎಲ್ಲರೂ ಪಾಲಿಶ್ ಹೊಡೆದಿರುತ್ತಾರೆ ಅಂದ. ಎಳೆಯುವ ಖಾನೆಯನ್ನು ಪೂರ್ತಿ ಹೊರಗೆ ತೆಗೆದು ಬೋರಲು ಹಾಕಿಸಿದ. ನೂರು ಕೈ ಎಳೆದ ಖಾನೆಯ ಅಡಿ ಅಂಚು ನಡುವೆ ಸವೆದು ಓರೆಯಾಗಿರುತ್ತದೆ, ನೋಡು ಅಂದ. ಮೂಲೆಯಲ್ಲಿ ಹಲಗೆಗೆ ಹಲಗೆ ಬೆರಳು ಹೆಣೆದಂತೆ ಸಿಕ್ಕಿಸಿರುತ್ತಾರಲ್ಲ, ಆ ಬೆರಳುಗಳು ಒಂದು ದಪ್ಪ ಒಂದು ತೆಳ್ಳಗೆ ಇದ್ದರೆ ಕೈಕೆಲಸ. ಖಾನೆ ಎಳೆಯಲು ದುಂಡಗೆ ಕಡೆದ ಹಿಡಿ, ಆ ಗುಬುಟು, ಹಳೆಯದಾದಂತೆ ಅಡ್ಡಕ್ಕೆ ಒಣಗಿ ಮೊಟ್ಟೆಯಾಕಾರಕ್ಕೆ ಬರುತ್ತದೆ, ದಾರ ಸುತ್ತಿ ಅಳೆದು ನೋಡು. ಹಿಂದಿನ ಹಲಗೆಯ ಗರಗಸದ ಗೀರು ನೆಟ್ಟಗಿದ್ದು, ಒಂದಕ್ಕೊಂದು ಹೆಚ್ಚುಕಡಿಮೆ ಇದ್ದರೆ ಇಬ್ಬರು ಆಳು ನಿಂತು ಕೊಯ್ದದ್ದು. ಕಮಾನಿನಂತೆ ಬಾಗಿದ್ದರೆ ಮಿಲ್ಲಿನದು. ಕೊನೆಗೆ ಒಂದು ಮೊಳೆ ಕೀಳಿಸಿದ. ಚೌಕ ಮೈ, ತಲೆಯ ಮೇಲೆ ಸುತ್ತಿಗೆಯ ನಾಲ್ಕೈದು ಪೆಟ್ಟಿನ ಗುರುತು. ‘ಇದನ್ನ ಕಮ್ಮಾರ ಒಂದೊಂದಾಗಿ ಬಡದಾನ. ಛಾವಣಿ ಕಾಲದ್ದು. ದುಂಡನ ತಂತಿ ಮೊಳಿ ಆಮ್ಯಾಲ ರೈಲಿನ್ಯಾಗ ಬಂದಾವು. ಉಳಿದಿದ್ದೆಲ್ಲಾ ಮಂದಿಗೆ ತಿಳಿಸಿ ಹೇಳಬೇಕು. ಮೊಳಿ ಅಂಗೈ ಮ್ಯಾಲ ಇಟ್ರ ಸಾಕು, ಹುಂಬನಿಗೂ ತಿಳೀತೈತಿ’ ಅಂದ.

ಮಠದ ಅಯ್ಯನವರ ಹತ್ತಿರ ನಾಲ್ಕು ಅಕ್ಷರ ಕಲಿತದ್ದು ಬಿಟ್ಟರೆ ನನಗೆ ಯಾರೂ ಅಷ್ಟು ಚೆಂದ ಪಾಠ ಹೇಳಿರಲಿಲ್ಲ. ಆ ದಿನ ಕಲಿಸಿದ್ದರ ಮೇಲೆ ನಾನು ಇಂದಿಗೂ ಅನ್ನ ತಿನ್ನುತ್ತೇನೆ. ಅದೂ ನನಗೆ ಅಸಹ್ಯವೇ.

ಅವನದು ಒಂದು ತಮಾಷೆಯ ಮಾತಿತ್ತು. ಯಾರಾದರೂ, ‘ಪಾರಖಿಯವ್ರ, ನಮ್ಮ ಅಲಮಾರಿ ಎಷ್ಟ ವರ್ಷದ್ದು ನೋಡ್ರಿ’ ಅಂದರೆ, ‘ಎಷ್ಟ ವರ್ಷದ್ದ ಆಗಬೇಕ್ರೀ?’ ಅಂತ ಕೇಳುತ್ತಿದ್ದ. ಎಲ್ಲರೂ ಹೊಟ್ಟೆ ತುಂಬ ನಗುತ್ತಿದ್ದರು. ಅದು ತಮಾಷೆಯಲ್ಲ, ಅವನು ನಿಜವಾಗಿಯೇ ವಿಚಾರಿಸುತ್ತಿದ್ದ ಅಂತ ನನಗೆ ತಿಳಿದದ್ದು ಸಿಂಧನೂರಿನ ಶೇಂಗಾ ವ್ಯಾಪಾರಿಯ ಮನೆಯಲ್ಲಿ.

ಆ ವ್ಯಾಪಾರಿ ಹೊಸ ಮನೆ ಕಟ್ಟಿಸಿದ್ದ. ಬೀಗರು ದೊಡ್ಡ ಜನ, ಅವರು ಬರುವಷ್ಟರಲ್ಲಿ ಛಾವಣಿ ಅಲಮಾರಿ ಒಂದು ಬೇಕು ಅಂತ ಹಟ ಹಿಡಿದಿದ್ದ. ಬಾಗಿಲು ಕೂಡಿಸುವ ಕೆಲಸಕ್ಕೆ ಹೋಗಿದ್ದ ನಾನು ಪಡಸಾಲೆಗೆ ಕಾಲಿಟ್ಟೆ. ಅಲ್ಲಿ ನಾನೇ ಮಾಡಿದ ಅಲಮಾರಿ ನಿಂತಿತ್ತು. ಮೂರು ತಿಂಗಳ ಹಿಂದೆ ಪಾರಖಿ, ಅಳಿಯನಿಗೆ ಕೊಡಬೇಕು ಅಂತ ಹೇಳಿ ನನ್ನಿಂದ ಮಾಡಿಸಿಕೊಂಡು ಹೋಗಿದ್ದ ಅಲಮಾರಿ. ಎಡಗಡೆ ಕದದ ಕೆಳಗೆ ನನ್ನ ಉಳಿ ಜಾರಿ ಆದ ಕಚ್ಚು ಹಾಗೇ ಇತ್ತು. ಉಳಿದದ್ದೆಲ್ಲ ಬೇರೆ. ಮೈ ಕಪ್ಪು, ಅಂಚು ಸವೆದು, ಅಲ್ಲಲ್ಲಿ ಹುಳ ತಿಂದ ತೂತು, ಒಳಗೆ ಮುದಿ ವಾಸನೆ. ಪಾರಖಿ ಎಲ್ಲರೆದುರು ಕದ ತೆರೆದು, ಒಳಗೆ ತಲೆ ಹಾಕಿ ನೆಕ್ಕಿ, ‘ಎಂಬತ್ತು ವರ್ಷಕ್ಕ ಒಂದು ಕಮ್ಮಿ ಇಲ್ಲ’ ಅಂದ.

ಅದಕ್ಕೆ ಏನೇನು ಮಾಡಿದ್ದ ಅಂತ ಆಮೇಲೆ ಅವನೇ ಹೆಮ್ಮೆಯಿಂದ ಹೇಳಿದ. ಅಳಲೆಕಾಯಿ ಕುದಿಸಿದ ನೀರಿಗೆ ತುಕ್ಕು ಕಬ್ಬಿಣ ಹಾಕಿ ಬಳಿದಿದ್ದ. ದಬ್ಬಣದಿಂದ ತೂತು ಕೊರೆದಿದ್ದ. ಆಮೇಲೆ ಎರಡು ತಿಂಗಳು ದನದ ಕೊಟ್ಟಿಗೆಯಲ್ಲಿ ಕದ ತೆರೆದಿಟ್ಟು, ಗಂಜಲದ ಹಬೆಗೆ ಬಿಟ್ಟಿದ್ದ. ‘ಗಂಜಲದ ಝಳಕ್ಕ ಕಟ್ಟಿಗಿ ಮೂವತ್ತ ವರ್ಷ ಮುದಿ ಆಗತೈತಿ’ ಅಂದ. ಆ ಗಂಜಲ ಕುಡಿದ ಹಲಗೆಯನ್ನೇ ಅವನು ಮುಖ ಕಿವುಚದೆ ನೆಕ್ಕಿದ್ದ. ನನಗೆ ಹೇಸಿಗೆಯೂ ಆಯಿತು, ನಗುವೂ ಬಂತು. ಹೋಗಲಿ, ದೌಲತ್ತಿನ ಮನುಷ್ಯ ಮೋಸ ಹೋದ, ಯಾರ ಹೊಟ್ಟೆಯ ಮೇಲೆ ಹೊಡೆದಂತಾಯಿತು ಅಂದುಕೊಂಡೆ. ವ್ಯಾಪಾರಿಗೆ ಹೇಳಲಿಲ್ಲ. ಬಾಗಿಲು ಕೂಡಿಸಿ, ಊಟ ಮಾಡಿ ಬಂದೆ.

ಬಸಲಿಂಗಮ್ಮನವರ ಸುದ್ದಿ ಅದರ ಮರುವರ್ಷದ್ದು.

ಅವರು ಮಸ್ಕಿಯ ಒಂದು ಗೌಡರ ಮನೆಯ ಹಿರಿಯ ಸೊಸೆ, ಲಿಂಗಸೂಗೂರು ತವರು. ಗಂಡ ತೀರಿಕೊಂಡು ವರ್ಷ ತುಂಬಿತ್ತು. ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳನ್ನು ಸಾಲಗುಂದಕ್ಕೆ ಕೊಟ್ಟಿದ್ದರು. ಮೈದುನ ಚನ್ನಪ್ಪಗೌಡನ ಜೊತೆ ಮನೆಯಲ್ಲಿ ಏಗುವುದಾಗದೆ ಮಗಳ ಹತ್ತಿರ ಹೋಗಿ ಇರುತ್ತೇನೆ ಅಂದರು. ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ತವರಿನಿಂದ ತಂದದ್ದು ಮಾತ್ರ ಕೊಡಿ ಅಂದರು: ಒಂದು ಛಾವಣಿ ಅಲಮಾರಿ, ಹತ್ತಿಪ್ಪತ್ತು ತಾಮ್ರ ಹಿತ್ತಾಳೆಯ ಪಾತ್ರೆ, ಒಂದು ಮಂಚ. ತವರಿನ ವಸ್ತು ಹೆಣ್ಣುಮಗಳದ್ದೇ ಅನ್ನುವುದು ಅವರ ಮನೆತನದಲ್ಲಿ ಎಲ್ಲರೂ ಒಪ್ಪಿದ ಪದ್ಧತಿ. ಚನ್ನಪ್ಪಗೌಡ ಅದನ್ನು ಅಲ್ಲಗಳೆಯಲಿಲ್ಲ. ‘ಅಲಮಾರಿ ಆಕಿ ತವರಿಂದಲ್ಲ. ಆಕಿ ಬಂದ ಮ್ಯಾಲ ನಮ್ಮಪ್ಪ ಮಾಡಿಸಿದ್ದು’ ಅಂದ, ಅಷ್ಟೆ. ಅಲಮಾರಿ ಬಂದದ್ದನ್ನು ಕಂಡವರು, ಗಾಡಿ ಹೊಡೆದವರು ಎಲ್ಲರೂ ಸತ್ತಿದ್ದರು. ತವರಿನಲ್ಲೂ ದೀಪ ಹಚ್ಚುವವರಿರಲಿಲ್ಲ.

ಊರ ಹಿರಿಯರು ಮೂವರು ಪಂಚರಾಗಿ ಕೂತರು. ಬಸಲಿಂಗಮ್ಮನವರು ವಿಭೂತಿ ಮುಟ್ಟಿ, ‘ನಮ್ಮಜ್ಜ ಛಾವಣಿ ಎದ್ದಾಗ ಸಾಹೇಬನ ಕೈಲೆ ತಗೊಂಡಿದ್ದು. ನನ್ನ ಮದುವ್ಯಾಗ ನನ್ನ ಜೋಡಿ ಬಂತು’ ಅಂತ ಹೇಳಿದರು. ಹಿರಿಯರು ಯೋಚಿಸಿ, ಹಾಗಾದರೆ ಪಾರಖಿ ಬಂದು ನೋಡಲಿ ಅಂದರು. ಅಲಮಾರಿ ಛಾವಣಿ ಕಾಲದ್ದಾದರೆ ಆಕೆಯ ಮಾತು ಖರೆ, ಕೇಳಿದ್ದೆಲ್ಲ ಕೊಡುವುದು, ಅಲ್ಲವಾದರೆ ಉಳಿದ ಮಾತನ್ನೂ ನಂಬುವ ಕಾರಣವಿಲ್ಲ ಅಂತ ತೀರ್ಮಾನಿಸಿದರು. ಮೇಲ್ನೋಟಕ್ಕೆ ನ್ಯಾಯವಾದ ಮಾತೇ. ಒಬ್ಬ ಹೆಣ್ಣುಮಗಳು ವಿಭೂತಿ ಮುಟ್ಟಿ ಆಡಿದ ಮಾತು ಅವನ ನಾಲಿಗೆಗೆ ಬಿತ್ತು.

ಪಂಚರು ಅಲಮಾರಿ ನೋಡುವ ದಿನಕ್ಕೆ ಇನ್ನೂ ಹದಿನೈದು ದಿನವಿತ್ತು. ಪಾರಖಿ ನನ್ನ ಅಂಗಡಿಗೆ ಬಂದ. ‘ಗೌಡರ ಮನ್ಯಾಗ ಅಲಮಾರಿ ಹಿಂದಿನ ಹಲಗಿ ಸಡ್ಲ ಆಗ್ಯಾವು. ಮೊಳಿ ಕಿತ್ತು ಬ್ಯಾರೆ ಬಡದು ಬಾ. ಹಳೇ ಮೊಳಿ ಒಂದೂ ಬಿಡದಂಗ ನನಗ ತಂದು ಕೊಡು’ ಅಂತ ಹೇಳಿ ಒಂದು ಕಾಗದದ ಪೊಟ್ಟಣ ಕೈಗಿಟ್ಟ. ಬಿಚ್ಚಿ ನೋಡಿದೆ. ತುಕ್ಕು ಹಿಡಿದ ತಂತಿ ಮೊಳೆಗಳು. ತುಕ್ಕಿನವು ಯಾಕೆ ಅಂತ ಕೇಳಿದೆ. ‘ಹಳೇ ಸಾಮಾನಿಗೆ ಹೊಸಾ ಮೊಳಿ ಕಣ್ಣಿಗೆ ಹೊಡೀತೈತಿ’ ಅಂದ.

ನಾನು ಹೋದೆ, ಮೊಳೆ ಕಿತ್ತೆ. ಹಲಗೆ ಸಡಿಲವಾಗಿರಲಿಲ್ಲ. ಕಮ್ಮಾರ ಬಡಿದ ಚೌಕ ಮೊಳೆಗಳು, ಹದಿನಾಲ್ಕು, ಕಟ್ಟಿಗೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದವೆಂದರೆ ನನ್ನ ಇಕ್ಕಳ ಎರಡು ಸಲ ಜಾರಿತು. ಪ್ರತಿ ತೂತಿನ ಸುತ್ತ ಕಬ್ಬಿಣದ ಕಪ್ಪು ಕಲೆ ಹರಡಿತ್ತು. ಪೊಟ್ಟಣದ ಮೊಳೆಯ ತಲೆ ಅಗಲ, ಬಡಿದ ಮೇಲೆ ಕಲೆ ಮುಚ್ಚಿಹೋಯಿತು. ಇನ್ನೊಬ್ಬ ಶೇಂಗಾ ವ್ಯಾಪಾರಿಗೆ ಟೋಪಿ ಹಾಕಲು ಈ ಹಳೆಯ ಮೊಳೆ ಬೇಕಾಗಿರಬೇಕು ಅಂತ ಅಂದುಕೊಂಡೆ. ಅಷ್ಟೇ ಅಂದುಕೊಂಡೆ ಅಂತ ಹೇಳಿದರೆ ಪೂರ್ತಿ ಖರೆಯಾಗುವುದಿಲ್ಲ. ಪಂಚಾಯ್ತಿಯ ಸುದ್ದಿ ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅದರ ಮೇಲೆ ವಿಚಾರ ಹರಿಸಲು ನನಗೆ ಮನಸ್ಸಿರಲಿಲ್ಲ. ನನ್ನ ಅಂಗಡಿ ನಿಂತ ಜಾಗ ಚನ್ನಪ್ಪಗೌಡನದು.

ಪಂಚರ ದಿನ ಬೆಳಿಗ್ಗೆ ನನ್ನನ್ನೂ ಕರೆಸಿದ್ದರು, ಅಲಮಾರಿ ಸರಿಸಲು ಬಡಿಗ ಬೇಕು ಅಂತ. ಪಡಸಾಲೆಯ ಕಂಬಳಿಯ ಮೇಲೆ ಮೂವರು ಹಿರಿಯರು ಕೂತಿದ್ದರು. ಚನ್ನಪ್ಪಗೌಡ ಕಂಬಕ್ಕೆ ಒರಗಿದ್ದ. ಬಸಲಿಂಗಮ್ಮನವರು ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಿದ್ದರು. ಸೆರಗಿನ ಅಂಚು ಕಾಣುತ್ತಿತ್ತು.

ಪಾರಖಿ ತನ್ನ ನೇಮ ಒಂದೂ ಬಿಡಲಿಲ್ಲ. ಕದ ತೆರೆದ. ಒಳಗೆ ಆಕೆಯ ಸೀರೆಗಳ ಪಕ್ಕ ಸತ್ತ ಗಂಡನ ಧೋತರ ಮಡಿಸಿಟ್ಟಿತ್ತು. ಆ ಧೋತರವನ್ನು ಮೊಣಕೈಯಿಂದ ಆಚೆ ದಬ್ಬಿ ತಲೆ ತೂರಿಸಿದ, ಮೂಸಿದ, ನೆಕ್ಕಿದ. ಹೊರಗೆ ಬಂದು ತುಟಿ ಚಪ್ಪರಿಸಿ, ‘ಸಾಗವಾನಿ ಚಲೋ ಐತ್ರಿ. ಆದರ ಎಳೇದು’ ಅಂದ. ಖಾನೆ ಎಳೆದು ನೋಡಲಿಲ್ಲ. ಗುಬುಟು ಮುಟ್ಟಲಿಲ್ಲ. ನನಗೆ ಕಲಿಸಿದ್ದು ಒಂದನ್ನೂ ಮಾಡಲಿಲ್ಲ. ನಾನು ನಿಂತಲ್ಲಿಂದಲೇ ಆ ಗುಬುಟುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದು ಕಾಣುತ್ತಿತ್ತು. ಅವನಿಗೂ ಕಂಡಿತ್ತು. ನಮ್ಮಿಬ್ಬರನ್ನು ಬಿಟ್ಟರೆ ಆ ಪಡಸಾಲೆಯಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ.

ನನ್ನಿಂದ ಅಲಮಾರಿ ತಿರುಗಿಸಿ, ನನ್ನ ಕೈಯಿಂದಲೇ ಇಕ್ಕಳ ಕಿತ್ತುಕೊಂಡು ಹಿಂದಿನ ಒಂದು ಮೊಳೆ ತೆಗೆದ. ಹಿರಿಯರ ಅಂಗೈ ಮೇಲೆ ಇಟ್ಟ.

‘ನೋಡ್ರಿ ಯಜಮಾನ್ರ. ದುಂಡ ಐತಿ. ತಂತಿ ಮೊಳಿ. ಛಾವಣಿ ಸಾಹೇಬ್ರ ಕಾಲಕ್ಕ ಈ ಮೊಳಿ ಎಲ್ಲಿದ್ವು? ಇವು ರೈಲಿನ್ಯಾಗ ಬಂದ ಮಾಲು. ಅಮ್ಮಾರು ಸಣ್ಣಾಕಿ ಇದ್ದಾಗ ನೋಡಿದ್ದು ಬ್ಯಾರೆ ಅಲಮಾರಿ ಇರಬೇಕು. ವಯಸ್ಸಾತು, ನೆನಪು ಕಲಸತೈತಿ.’

ಕೊನೆಯ ಮಾತನ್ನು ಬಹಳ ಮೆತ್ತಗೆ, ಕನಿಕರದಿಂದ ಹೇಳಿದ. ಅವನ ಇಡೀ ಜೀವನದಲ್ಲಿ ನಾನು ಕಂಡ ಅತಿ ಹೊಲಸು ಅದು. ಗಂಜಲದ ಹಲಗೆ ನೆಕ್ಕಿದ್ದು ಅದರ ಮುಂದೆ ಏನೂ ಅಲ್ಲ.

ಮೂವರಲ್ಲಿ ವಯಸ್ಸಾದ ಹಿರಿಯರೊಬ್ಬರಿಗೆ ಮನಸ್ಸು ಒಪ್ಪಲಿಲ್ಲ. ಮೊಳೆಯನ್ನು ಹೊರಳಿಸಿ ನೋಡಿ, ‘ಹಿಂದಿನ ಹಲಗಿ ನಡುವ ಯಾವಾಗರ ರಿಪೇರಿ ಆಗಿರಬೌದಲ್ಲ?’ ಅಂದರು. ಪಾರಖಿ ನನ್ನ ಕಡೆ ತಿರುಗಿದ. ಹಿರಿಯರೂ ತಿರುಗಿದರು.

‘ಏನಪಾ ಬಡಿಗೇರ, ಈ ಮನಿ ಕೆಲಸ ಮಾಡಾವ ನೀನ ಅಲ್ಲ? ಈ ಹಲಗಿ ಯಾರರ ಬಿಚ್ಚಿ ಬಡದಾರೇನು?’

ಚನ್ನಪ್ಪಗೌಡ ಕಂಬ ಬಿಟ್ಟು ನೆಟ್ಟಗೆ ನಿಂತ. ಪಾರಖಿ ಉಗುರಿನಿಂದ ಹಲ್ಲು ಕೆದರುತ್ತಿದ್ದ.

‘ನನಗ ಗೊತ್ತಿಲ್ರಿ’ ಅಂದೆ.

ಅಷ್ಟೇ. ಹಿರಿಯರು ಮೊಳೆಯನ್ನು ಕಂಬಳಿಯ ಮೇಲೆ ಇಟ್ಟು, ಅಲಮಾರಿ, ಪಾತ್ರೆ, ಮಂಚ ಎಲ್ಲ ಮನೆಯಲ್ಲೇ ಉಳಿಯತಕ್ಕದ್ದು ಅಂತ ಹೇಳಿದರು. ವಿಭೂತಿ ಮುಟ್ಟಿ ಸುಳ್ಳು ಹೇಳಿದ ಹೆಂಗಸು ಅಂತ ಊರೊಳಗೆ ಮಾತಾಯಿತು. ಬಾವಿಯ ಹತ್ತಿರ, ಗುಡಿಯ ಕಟ್ಟೆಯ ಮೇಲೆ, ನನ್ನ ಅಂಗಡಿಯಲ್ಲೂ ಆಡಿದರು. ನಾನು ಕೇಳುತ್ತಾ ರಂದಾ ಉಜ್ಜಿದೆ.

ಐದಾರು ತಿಂಗಳಿಗೆ ಪಾರಖಿ ಮತ್ತೆ ಬಂದ. ಬಟ್ಟೆಯ ಗಂಟು ಬಿಚ್ಚಿ ಮೊಳೆ ಸುರಿದ. ಹದಿನಾಲ್ಕು ಚೌಕ ಮೊಳೆ. ಲಿಂಗಸೂಗೂರಿಗೆ ಬಂದ ಹೊಸ ಸಾಹೇಬರೊಬ್ಬರು ಛಾವಣಿ ಅಲಮಾರಿ ಹುಡುಕುತ್ತಿದ್ದಾರೆ, ಚನ್ನಪ್ಪಗೌಡ ಕೊಡಲು ಒಪ್ಪಿದ್ದಾನೆ ಅಂದ. ‘ಈಗ ಅದಕ್ಕ ವಯಸ್ಸು ಬೇಕಾಗೈತಿ. ಅವವ ತೂತಿನ್ಯಾಗ ಬಡದು ಬಾ, ತಮ್ಮಾ.’

ಒಲ್ಲೆ ಅಂದೆ. ಮೊಳೆಗಳನ್ನು ಅವನ ಕಾಲ ಹತ್ತಿರ ದೂಡಿದೆ. ಅವನಿಗೆ ಸಿಟ್ಟು ಬರಲಿಲ್ಲ. ಒಂದೊಂದಾಗಿ ಆರಿಸಿ, ಊದಿ, ಗಂಟಿಗೆ ಹಾಕಿಕೊಂಡ. ‘ಹೌದನ್ನೂ ಹೊತ್ತಿನ್ಯಾಗ ಗೊತ್ತಿಲ್ಲ ಅಂದಿ. ಈಗ ಒಲ್ಲೆ ಅಂತಿ. ಯಾಳ್ಯಾ ಹೊತ್ತು ತಿಳಿಯಂಗಿಲ್ಲೋ ನಿನಗ’ ಅಂದು ನಕ್ಕು ಹೋದ. ಶೇರವಾನಿ ಕಳಚಿಟ್ಟು ತಾನೇ ಬಡಿದನಂತೆ. ಸಾಹೇಬರ ಮುಂದೆ ಒಂದು ಮೊಳೆ ಕಿತ್ತು ತೋರಿಸಿ, ಹಲಗೆ ನೆಕ್ಕಿ, ಎಂಬತ್ತು ವರ್ಷ ಅಂದನಂತೆ. ಅವನು ಹೇಳಿದ ವಯಸ್ಸುಗಳಲ್ಲಿ ಅದೊಂದು ನಿಜ. ಆಮೇಲೆ ನಾನು ಅವನ ಜೊತೆ ಮಾತಾಡಲಿಲ್ಲ. ಎದುರು ಬಂದರೆ ರಸ್ತೆ ದಾಟುತ್ತಿದ್ದೆ. ಅಂಗಡಿಯ ಜಾಗ ಮಾತ್ರ ಬಿಡಲಿಲ್ಲ.

ಬೀಗದ ವ್ಯಾಪಾರಿ ಸುದ್ದಿ ಹೇಳಿ ಹೋದ ದಿನದಿಂದ ಅವನನ್ನು ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದೇನೆ. ಬೈದಷ್ಟೂ ಬೈಗುಳ ಸಿಗುತ್ತಿವೆ. ಆದರೆ ಬಸಲಿಂಗಮ್ಮನವರು ಊರು ಬಿಟ್ಟ ದಿನದ ಮಾತೊಂದು ಉಳಿದಿದೆ. ಅದನ್ನು ಹೇಳದಿದ್ದರೆ ನಾನು ಬರೆದದ್ದಕ್ಕೂ ಅವನು ಹೇಳುತ್ತಿದ್ದ ವಯಸ್ಸಿಗೂ ವ್ಯತ್ಯಾಸ ಇರುವುದಿಲ್ಲ.

ತೀರ್ಪಾದ ಮೂರನೆಯ ದಿನ ಸಾಲಗುಂದದಿಂದ ಅಳಿಯ ಗಾಡಿ ಕಳಿಸಿದ್ದ. ಗಾಡಿಯಲ್ಲಿ ಹೇರಲು ಏನೂ ಇರಲಿಲ್ಲ. ಆಕೆ ಒಂದು ಸೀರೆಯ ಗಂಟು ಹಿಡಿದು, ಹಾದಿಯಲ್ಲಿ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೆಳಗಿಳಿದರು. ನಾನು ಎದ್ದು ನಿಂತೆ. ಆಕೆಯ ದನಿಯಲ್ಲಿ ಜಗಳ ಇರಲಿಲ್ಲ.

‘ಯಪ್ಪಾ, ಅವತ್ತ ನೀ ಮೊಳಿ ಬಡಿಯೂ ಸಪ್ಪಳ ನಾ ಅಡಗಿಮನ್ಯಾಗ ಕುಂತು ಕೇಳೀನಿ. ಒಂದೊಂದ ಪೆಟ್ಟೂ ಕೇಳೀನಿ. ಏನೋ ಗಟ್ಟಿ ಮಾಡಾಕತ್ತಾನ ಅಂತ ತಿಳಕೊಂಡಿದ್ದೆ.’

ನನ್ನ ಬಾಯಿಂದ ಬಂದದ್ದು ಇಷ್ಟು: ‘ಅಮ್ಮಾರ, ಹಂಗಂತ ನೀವ ಪಂಚರ ಮುಂದ ಹೇಳಬೌದಿತ್ತಲ್ರೀ.’

‘ನಾ ಹೇಳಿದ್ರ ಮೈದುನನ ಮ್ಯಾಲಿನ ಸಿಟ್ಟು ಅಂತಿದ್ರು. ನೀ ಹೇಳಿದ್ರ ಬಡಿಗನ ಮಾತು ಆಗತಿತ್ತು. ಹಿರಿಯಾರು ನಿನ್ನ ಕೇಳಿದಾಗ, ಬಂತು, ಈಗ ಹೇಳತಾನ ಅಂತ ಬಾಗಲ ಹಿಡಕೊಂಡು ನಿಂತಿದ್ದೆ.’

ಅಷ್ಟು ಹೇಳಿ ಗಾಡಿ ಹತ್ತಲು ಹೋದರು. ಗಂಟು ಕೈಯಲ್ಲಿದ್ದುದರಿಂದ ಹತ್ತಲಾಗಲಿಲ್ಲ. ಮೇಲೆ ಎತ್ತಿಡೋಣ ಅಂತ ನಾನು ಗಂಟಿಗೆ ಕೈ ಚಾಚಿದೆ. ಆಕೆ ಅದನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

‘ಬ್ಯಾಡ. ಇದರಾಗ ನನ್ನ ಗಂಡನ ಧೋತರ ಐತಿ. ನಿನ್ನ ಕೈ ಹಚ್ಚಬ್ಯಾಡ’ ಅಂದರು.